ಕುದುರೆ ಗಬ್ಬದ ಮೊದಲ ನಲವತ್ತು ದಿನ

ಹಸು ಎಮ್ಮೆಗಳ ಗರ್ಭಧಾರಣೆಯನ್ನು ಓದಿ, ಅದನ್ನೇ ದಿನನಿತ್ಯದ ಕೆಲಸ ಮಾಡಿಕೊಂಡ ಪಶುವೈದ್ಯನು ಕುದುರೆ ಲಾಯಕ್ಕೆ ಕಾಲಿಟ್ಟರೆ, ಕಲಿತದ್ದರಲ್ಲಿ ಅರ್ಧದಷ್ಟನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಾಗುತ್ತದೆ. ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಬೇಕು ಎಂಬ ಲೆಕ್ಕ ನಮ್ಮ ಹೈನುಗಾರರಿಗೆಲ್ಲ ಬಾಯಿಪಾಠ. ಹೆಣ್ಣು ಕುದುರೆಯ ಬೆದೆ 5ರಿಂದ 7 ದಿನ ಇರುತ್ತದೆ. ಅಂಡ ಹೊರಬರುವುದು ಬೆದೆ ಮುಗಿಯಲು ಇನ್ನು ಒಂದೆರಡು ದಿನ ಇದೆ ಎನ್ನುವಾಗ. ಆದ್ದರಿಂದ ಬೆದೆಯ ಮೊದಲ ದಿನವನ್ನು ಹಿಡಿದು ಯಾವ ಲೆಕ್ಕವನ್ನೂ ಹಾಕುವಂತಿಲ್ಲ. ಅಂಡಾಶಯದ ರಚನೆಯೂ ಒಳಹೊರಗಾಗಿದೆ. ಬೇರೆ ಸಾಕುಪ್ರಾಣಿಗಳಲ್ಲಿ ಅಂಡಾಶಯದ ಮೇಲ್ಮೈಯ ಯಾವ ಭಾಗದಿಂದಲಾದರೂ ಅಂಡ ಹೊರಬರಬಹುದು, ಕುದುರೆಯಲ್ಲಿ ಮಾತ್ರ ಅದಕ್ಕೆಂದೇ ಇರುವ ಒಂದು ಕುಳಿಯ ಮೂಲಕವೇ ಬರಬೇಕು.

ಇದಕ್ಕೆ ಹಗಲಿನ ಉದ್ದದ ತೊಡಕು ಬೇರೆ ಸೇರಿಕೊಳ್ಳುತ್ತದೆ. ಕುದುರೆ ಹಗಲು ಉದ್ದವಾದಾಗ ಬೆದೆಗೆ ಬರುವ ಪ್ರಾಣಿ. ಗರ್ಭದ ಅವಧಿ ಸುಮಾರು 11 ತಿಂಗಳಾದ್ದರಿಂದ ಮುಂದಿನ ವಸಂತಕ್ಕೆ, ಹುಲ್ಲು ಚಿಗುರುವ ಹೊತ್ತಿಗೆ, ಮರಿ ಹುಟ್ಟಲಿ ಎಂಬುದು ಪ್ರಕೃತಿಯ ಏರ್ಪಾಡು. ಆದರೆ ಉತ್ತರ ಗೋಳಾರ್ಧದ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ಒಂದು ವರ್ಷ ತುಂಬಿತೆಂದು ಎಣಿಸುವ ಪದ್ಧತಿ ಇರುವುದರಿಂದ, ಮರಿ ಜನವರಿಗೆ ಹತ್ತಿರವಾಗಿ ಹುಟ್ಟಿದಷ್ಟೂ ಮಾಲೀಕನಿಗೆ ಲಾಭ. ಹಾಗಾಗಿ ಚಳಿಗಾಲದಲ್ಲೇ ಲಾಯದಲ್ಲಿ ದೀಪ ಹಚ್ಚಿ, ಹಗಲನ್ನು 16 ಗಂಟೆಗೆ ಎಳೆದು, ಕುದುರೆಯನ್ನು ಬೇಗ ಬೆದೆಗೆ ತರುವ ವಿಧಾನ ಸಂಶೋಧನೆಯಿಂದ ರೂಢಿಗೆ ಬಂತು. ರೇಸ್ ಕುದುರೆಗಳ ಊರಾದ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ 9 ಗಂಟೆಗಳ ಅಂತರವಿದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದಿರುವ ನಮ್ಮ ಕುಣಿಗಲ್‌ನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ಸಮಭಾಜಕ ವೃತ್ತದ ಕಡೆಗೆ ಬಂದಂತೆಲ್ಲ ಋತುವಿನ ಹಿಡಿತ ಸಡಿಲವಾಗುತ್ತದೆ. ಶೀತ ದೇಶದ ಪಠ್ಯಪುಸ್ತಕವನ್ನು ಇಲ್ಲಿ ಅಕ್ಷರಶಃ ಅನುಸರಿಸಬಾರದು ಎನ್ನಲು ಇದೊಂದೇ ಕಾರಣ ಸಾಕು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಗರ್ಭ ಕಟ್ಟಿದ ನಂತರದ ನಲವತ್ತು ದಿನಗಳು. ಕುದುರೆಯ ಸಂತಾನೋತ್ಪತ್ತಿಯ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ನಡೆದ ಅತ್ಯುತ್ತಮ ಸಂಶೋಧನೆಯೆಲ್ಲ ಈ ಅವಧಿಯ ಸುತ್ತಲೇ ಇದೆ ಎಂದು ನಾನು ತಿಳಿದಿದ್ದೇನೆ.

ಮೊದಲ ವಿಚಿತ್ರ ಅಂಡನಾಳದಲ್ಲೇ ನಡೆಯುತ್ತದೆ. ಫಲಿತವಾಗದ ಅಂಡಗಳನ್ನು ಕುದುರೆಯ ಅಂಡನಾಳ ಗರ್ಭಕೋಶಕ್ಕೆ ಇಳಿಯಗೊಡುವುದಿಲ್ಲ. ಹಿಂದಿನ ಬೆದೆಗಳ ಅಂಡಗಳು ಅಲ್ಲೇ ತಿಂಗಳುಗಟ್ಟಲೆ ಉಳಿದು ಕ್ಷೀಣಿಸುತ್ತವೆ. ಫಲಿತವಾದ ಅಂಡ ಮಾತ್ರ ಐದನೆಯ ದಿನದ ಸುಮಾರಿಗೆ ಪ್ರೊಸ್ಟಗ್ಲ್ಯಾಂಡಿನ್ ಇ2 ಎಂಬ ರಾಸಾಯನಿಕವನ್ನು ಸ್ರವಿಸಿ, ನಾಳದ ಸ್ನಾಯುಗಳನ್ನು ಸಡಿಲಿಸಿಕೊಂಡು, ಹಳೆಯ ಅಂಡಗಳನ್ನು ದಾಟಿ ಆರನೆಯ ದಿನ ಗರ್ಭಕೋಶಕ್ಕೆ ಬರುತ್ತದೆ.

ಅಲ್ಲಿಗೆ ಬಂದ ಮೇಲೆ ಅದು ಒಂದೆಡೆ ನಿಲ್ಲುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒ. ಜೆ. ಗಿಂಥರ್ 1980ರ ದಶಕದ ಆರಂಭದಲ್ಲಿ, ಆಗಷ್ಟೇ ಕುದುರೆಗಳಿಗೆ ಬಳಸತೊಡಗಿದ್ದ ಅಲ್ಟ್ರಾಸೌಂಡ್ ಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತು ನೋಡಿದಾಗ, ಭ್ರೂಣ ಗರ್ಭಕೋಶದ ಒಂದು ಕೊಂಬಿನಿಂದ (ಕವಲಿನಿಂದ) ಇನ್ನೊಂದು ಕೊಂಬಿಗೆ ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಅಲೆಯುತ್ತಿರುವುದು ಕಂಡಿತು. ಈ ಅಲೆದಾಟ 16ನೆಯ ದಿನದವರೆಗೆ ನಡೆಯುತ್ತದೆ. ಕಾರಣವನ್ನು ಹಸುವಿನೊಂದಿಗೆ ಹೋಲಿಸಿದರೆ ತಿಳಿಯುತ್ತದೆ. ಹಸುವಿನ ಭ್ರೂಣ ಎರಡು ವಾರ ಕಳೆಯುವಷ್ಟರಲ್ಲಿ ದಾರದಂತೆ ನೀಳವಾಗಿ ಬೆಳೆದು ಗರ್ಭಕೋಶದ ಉದ್ದಕ್ಕೂ ಹರಡಿಕೊಳ್ಳುತ್ತದೆ, ಇದ್ದಲ್ಲಿಂದಲೇ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ತಾಯಿಗೆ ತಾನಿರುವ ಸುದ್ದಿ ಮುಟ್ಟಿಸುತ್ತದೆ. ಕುದುರೆಯ ಭ್ರೂಣದ ಸುತ್ತ ಗಟ್ಟಿಯಾದ ಒಂದು ಕವಚವಿದ್ದು, ಅದು ಮೂರನೆಯ ವಾರದವರೆಗೂ ಭ್ರೂಣವನ್ನು ಗುಂಡಗೇ ಇಡುತ್ತದೆ. ಹರಡಿಕೊಳ್ಳಲಾಗದ್ದರಿಂದ ಅದು ತಿರುಗಾಡಲೇಬೇಕು. ಗರ್ಭಕೋಶದ ಕೊಂಬನ್ನು ಕಟ್ಟಿ ಭ್ರೂಣದ ಓಡಾಟವನ್ನು ಒಂದು ಭಾಗಕ್ಕೆ ಸೀಮಿತಗೊಳಿಸಿದ ಪ್ರಯೋಗಗಳಲ್ಲಿ, ಭ್ರೂಣ ಕಾಲಿಡದ ಭಾಗದಿಂದ ಹೊರಟ ಪ್ರೊಸ್ಟಗ್ಲ್ಯಾಂಡಿನ್ (ಇ2 ಅಲ್ಲ, ಇನ್ನೊಂದು ಬಗೆ) ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನಿನ ಮೂಲವನ್ನೇ ಕರಗಿಸಿತು, ಗರ್ಭ ನಿಲ್ಲಲಿಲ್ಲ.

ಆದರೆ ಓಡಾಡುತ್ತ ಈ ಭ್ರೂಣ ತಾಯಿಗೆ ಹೇಳುವುದೇನು? ಹಂದಿಯಲ್ಲಿ ಆ ಕೆಲಸವನ್ನು ಈಸ್ಟ್ರೋಜೆನ್ ಮಾಡುತ್ತದೆ, ಹಸು ಕುರಿಗಳಲ್ಲಿ ಇಂಟರ್‌ಫೆರಾನ್. ಕುದುರೆಯಲ್ಲಿ ಸಂಕೇತದ ಅಣು ಯಾವುದೆಂದು ಇಷ್ಟು ದಶಕಗಳ ಹುಡುಕಾಟದ ನಂತರವೂ ಖಚಿತವಾಗಿ ಗುರುತಿಸಲಾಗಿಲ್ಲ. ಸ್ಪರ್ಶವೇ ಸಂಕೇತದ ಒಂದು ಭಾಗವಿರಬಹುದೆಂಬ ಗುಮಾನಿಗೆ ಆಧಾರವಾಗಿ ಒಂದು ಸ್ವಾರಸ್ಯಕರ ಪ್ರಯೋಗವಿದೆ: ಸುಮಾರು 35 ಮಿಲಿಮೀಟರ್ ವ್ಯಾಸದ ಗಾಜಿನ ಗೋಲಿಯನ್ನು ಶುದ್ಧಗೊಳಿಸಿ, ಅಂಡ ಬಿಡುಗಡೆಯಾದ ನಂತರ ಗರ್ಭಕೋಶದೊಳಗೆ ಇಟ್ಟಾಗ ಐದು ಕುದುರೆಗಳಲ್ಲಿ ಸುಮಾರು ಎರಡು ಗಬ್ಬವಾದಂತೆಯೇ ವರ್ತಿಸಿ ಬಹುಕಾಲ ಬೆದೆಗೆ ಬರಲಿಲ್ಲ. ಸ್ಪರ್ಧೆಯ ಕುದುರೆಗಳನ್ನು ಬೆದೆಯಿಂದ ದೂರವಿಡಲು ಕೆಲವರು ಇದನ್ನು ರೂಢಿಯಾಗಿಯೇ ಬಳಸಿದರು. ಗೋಲಿ ಒಳಗೇ ಒಡೆದ ಪ್ರಸಂಗಗಳು ವರದಿಯಾದ ಮೇಲೆ ಆ ಉತ್ಸಾಹ ಇಳಿಯಿತು. ಇಳಿದದ್ದು ಒಳ್ಳೆಯದೇ.

ಈ ತಿಳಿವಳಿಕೆ ಲಾಯದ ಕೆಲಸವನ್ನು ಎಷ್ಟು ಬದಲಿಸಿತೆಂಬುದು ಕಾಣಬೇಕಾದರೆ 14ನೆಯ ದಿನದ ಸ್ಕ್ಯಾನ್ ನೋಡಬೇಕು. ಕುದುರೆಯನ್ನು ಕಟಕಟೆಯೊಳಗೆ ನಿಲ್ಲಿಸಿ, ಅದನ್ನು ನೋಡಿಕೊಳ್ಳುವ ಸೈಸ್ ಬಾಲವನ್ನು ಪಕ್ಕಕ್ಕೆ ಹಿಡಿದುಕೊಳ್ಳುತ್ತಾನೆ. ಭುಜದವರೆಗೆ ಕೈಗವಸು ತೊಟ್ಟ ವೈದ್ಯರು ಪ್ರೋಬನ್ನು ಗುದದ್ವಾರದ ಮೂಲಕ ಒಯ್ದು ಗರ್ಭಕೋಶದ ಮೇಲೆ ನಿಧಾನವಾಗಿ ಎಡದಿಂದ ಬಲಕ್ಕೆ ಆಡಿಸುತ್ತಾರೆ. ಬೂದು ಬಣ್ಣದ ಅಂಗಾಂಶದ ನಡುವೆ ಅಚ್ಚುಕಪ್ಪಾದ ದುಂಡು ಗುಳ್ಳೆಯೊಂದು ಕಾಣುತ್ತದೆ, ಅಡ್ಡಳತೆ 15 ಮಿಲಿಮೀಟರಿನ ಆಸುಪಾಸು, ಅದರ ಮೇಲಂಚಿಗೂ ಕೆಳಂಚಿಗೂ ಒಂದೊಂದು ಪುಟ್ಟ ಬಿಳಿ ಗೆರೆ. ಆಗ ಪಕ್ಕದಲ್ಲಿರುವವರ ಬಾಯಿಂದ ಬರುವ ಪ್ರಶ್ನೆ ಯಾವಾಗಲೂ ಒಂದೇ: “ಡಾಕ್ಟ್ರೇ, ಒಂದೋ ಎರಡೋ?”

ಎರಡಾದರೆ ಕಷ್ಟ. ಕುದುರೆಯ ಮಾಸು ಗರ್ಭಕೋಶದ ಇಡೀ ಒಳಮೈಯನ್ನು ಆವರಿಸಿ ಒಂದೇ ಮರಿಯನ್ನು ಪೋಷಿಸುವಂತಿದೆ. ಅವಳಿಗಳು ಆ ಜಾಗವನ್ನು ಹಂಚಿಕೊಳ್ಳಬೇಕಾಗಿ, ಒಂದು ಸೊರಗಿ ಸಾಯುತ್ತದೆ, ಅದರ ಹಿಂದೆಯೇ ಕುದುರೆ ಎರಡನ್ನೂ ಕಂದು ಹಾಕುತ್ತದೆ. ಅದೂ ಬಹುಮಟ್ಟಿಗೆ ಗರ್ಭದ ಕೊನೆಯ ತಿಂಗಳುಗಳಲ್ಲಿ, ಒಂದು ವರ್ಷದ ಸಾಕಣೆಯೆಲ್ಲ ವ್ಯರ್ಥವಾದ ಮೇಲೆ. ಅಲ್ಟ್ರಾಸೌಂಡ್ ಬರುವುದಕ್ಕೆ ಮುಂಚೆ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಲ್ಲಿ ಸೋಂಕಿಲ್ಲದೆ ಆಗುವ ಗರ್ಭಪಾತಕ್ಕೆ ಅವಳಿಗಳೇ ಅತಿ ದೊಡ್ಡ ಕಾರಣವಾಗಿದ್ದವು. ಈಗ 16ನೆಯ ದಿನಕ್ಕೆ ಮುಂಚೆ, ಎರಡೂ ಇನ್ನೂ ಓಡಾಡುತ್ತಿರುವಾಗಲೇ, ಚಿಕ್ಕದನ್ನು ಕೊಂಬಿನ ತುದಿಗೆ ಸರಿಸಿ ಬೆರಳಿನಿಂದಲೋ ಪ್ರೋಬಿನಿಂದಲೋ ಅದುಮಿ ಒಡೆಯುತ್ತಾರೆ. ನಂತರವಾದರೆ ಎರಡೂ ಒಂದೇ ಕೊಂಬಿನಲ್ಲಿ ಅಂಟಿಕೊಂಡು ಕುಳಿತಿರುವ ಸಂಭವವೇ ಹೆಚ್ಚು. ಒಂದನ್ನು ಮುಟ್ಟಿದರೆ ಇನ್ನೊಂದಕ್ಕೂ ಪೆಟ್ಟು.

ಇನ್ನೊಂದು ಗಡುವು 36ನೆಯ ದಿನದ ಸುಮಾರಿಗೆ ಬರುತ್ತದೆ. 1930ರಲ್ಲಿ ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಎಂಬ ಸಂಶೋಧಕರು, ಗಬ್ಬದ ಕುದುರೆಯ ರಕ್ತದಲ್ಲಿ ಬೇರೆ ಪ್ರಾಣಿಯ ಅಂಡಾಶಯವನ್ನು ಕೆರಳಿಸುವ ಹಾರ್ಮೋನ್ ಇದೆಯೆಂದು ತೋರಿಸಿದರು. ಹಸು, ಎಮ್ಮೆ, ಕುರಿಗಳನ್ನು ಬೆದೆಗೆ ತರಲು ಬಳಸುವ ಪಿಎಂಎಸ್‌ಜಿ ಚುಚ್ಚುಮದ್ದು ಇದೇ. ಗರ್ಭಕೋಶದ ಒಳಗೋಡೆಯ ಮೇಲೆ ಬಟ್ಟಲಿನ ಆಕಾರದಲ್ಲಿ ಏಳುವ ಉಬ್ಬುಗಳು ಇದನ್ನು ಸ್ರವಿಸುತ್ತವೆ. ಅವು ತಾಯಿಯದೇ ಅಂಗಾಂಶವೆಂದು ಬಹುಕಾಲ ನಂಬಲಾಗಿತ್ತು. 1970ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಡಬ್ಲ್ಯು. ಆರ್. ಅಲೆನ್ ಮತ್ತು ಮೂರ್, ಅವು ಭ್ರೂಣದ ಹೊರಪದರದಿಂದ ಬೇರ್ಪಟ್ಟು ತಾಯಿಯ ಗೋಡೆಯೊಳಗೆ ನುಗ್ಗಿದ ಕೋಶಗಳೆಂದು ತೋರಿಸಿದರು. ತಾಯಿಯ ದೇಹ ಅವುಗಳನ್ನು ಪರಕೀಯವೆಂದು ಗುರುತಿಸುತ್ತದೆ, ಬಿಳಿ ರಕ್ತಕಣಗಳು ಸುತ್ತುವರಿಯುತ್ತವೆ, 120ನೆಯ ದಿನದ ಹೊತ್ತಿಗೆ ಅವು ನಾಶವಾಗುತ್ತವೆ. ಆದರೆ ಮರಿಗೆ ಏನೂ ಆಗುವುದಿಲ್ಲ. ಕುದುರೆಯ ಗರ್ಭದಲ್ಲಿ ಕತ್ತೆಯ ಭ್ರೂಣವನ್ನು ಇಟ್ಟಾಗ ಈ ಬಟ್ಟಲುಗಳು ಏಳುವುದೇ ಇಲ್ಲ, ಅಂಥ ಗರ್ಭಗಳಲ್ಲಿ ಹೆಚ್ಚಿನವು ಮೂರನೆಯ ತಿಂಗಳಿನ ಆಸುಪಾಸಿನಲ್ಲಿ ಬಿದ್ದುಹೋಗುತ್ತವೆ ಎಂಬುದನ್ನೂ ಅಲೆನ್ ಅವರ ತಂಡವೇ ಕಂಡುಕೊಂಡಿತು.

ಲಾಯದಲ್ಲಿ ಇದರ ಅರ್ಥ ಬಹಳ ನೇರವಾದದ್ದು. ಬಟ್ಟಲುಗಳು ಎದ್ದ ಮೇಲೆ ಗರ್ಭ ಹೋದರೂ ಹಾರ್ಮೋನ್ ಸ್ರಾವ ನಿಲ್ಲುವುದಿಲ್ಲ; ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ; ಆ ಋತು ಕೈತಪ್ಪಿದಂತೆಯೇ. ಆದ್ದರಿಂದ ಅವಳಿಯಾಗಲಿ, ಹೃದಯ ಬಡಿತ ಕಾಣದ ಭ್ರೂಣವಾಗಲಿ, ತೀರ್ಮಾನ ಅದಕ್ಕೆ ಮುಂಚೆಯೇ ಆಗಬೇಕು.

ಅಲೆನ್ ಮುನ್ನಡೆಸಿದ ಕುದುರೆ ಫಲವತ್ತತೆಯ ಸಂಶೋಧನಾ ಘಟಕ ನಡೆದದ್ದು ಥರೋಬ್ರೆಡ್ ತಳಿಗಾರರ ಸಂಘದ ಆಶ್ರಯದಲ್ಲಿ. ವಿಪರ್ಯಾಸವೆಂದರೆ ಥರೋಬ್ರೆಡ್ ವಂಶಾವಳಿ ಪುಸ್ತಕದ ನಿಯಮ ಇಂದಿಗೂ ಕೃತಕ ಗರ್ಭಧಾರಣೆಯನ್ನಾಗಲಿ ಭ್ರೂಣ ವರ್ಗಾವಣೆಯನ್ನಾಗಲಿ ಒಪ್ಪುವುದಿಲ್ಲ, ಕುಣಿಗಲ್‌ನಲ್ಲಿಯೂ ನ್ಯೂಮಾರ್ಕೆಟ್‌ನಲ್ಲಿಯೂ ಗಂಡು ಹೆಣ್ಣು ಎದುರುಬದುರು ನಿಲ್ಲಲೇಬೇಕು. ಭ್ರೂಣ ತಂತ್ರಜ್ಞಾನದ ಫಲ ಸಿಕ್ಕಿದ್ದು ಪೋಲೋ ಮತ್ತು ಜಿಗಿತದ ಕುದುರೆಗಳಿಗೆ. ಪ್ರನಾಳದಲ್ಲಿ ಫಲಿತವಾದ ಅಂಡದಿಂದ ಮರಿ ಫ್ರಾನ್ಸಿನಲ್ಲಿ 1990ರಲ್ಲೇ ಹುಟ್ಟಿತಾದರೂ ಆ ವಿಧಾನ ಕೈಗೆ ಹತ್ತಲಿಲ್ಲ. ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಚುಚ್ಚುವ ದಾರಿಯನ್ನೇ ಹಿಡಿಯಬೇಕಾಯಿತು. 2022ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಟ್ರಿನ್ ಹಿನ್‌ರಿಕ್ಸ್ ಅವರ ತಂಡ, ವೀರ್ಯಾಣುಗಳನ್ನು ಸುಮಾರು ಒಂದು ದಿನ ಮೊದಲೇ ವಿಶೇಷ ದ್ರಾವಣದಲ್ಲಿ ಇಟ್ಟರೆ ಅವು ತಾವಾಗಿಯೇ ಅಂಡವನ್ನು ಹೊಗುತ್ತವೆಂದು ತೋರಿಸಿ, ಆ ವಿಧಾನದಿಂದ ಮರಿಗಳನ್ನೂ ಪಡೆಯಿತು.

ನಮ್ಮ ದೇಶದಲ್ಲಿ ಈ ಕೆಲಸದ ಅಗತ್ಯ ಬೇರೆ ರೀತಿಯದು. 2019ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ 3.4 ಲಕ್ಷಕ್ಕೆ ಇಳಿದಿತ್ತು; 2012ರಲ್ಲಿ ಅದು ಆರು ಲಕ್ಷಕ್ಕೂ ಹೆಚ್ಚಿತ್ತು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಘಟಕದಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾಡಿ ತಳಿಯ ಹೆಣ್ಣು ಮರಿಯೊಂದು ಬಾಡಿಗೆ ತಾಯಿಯಲ್ಲಿ ಹುಟ್ಟಿತು. ಅದಕ್ಕೆ ರಾಜ್ ಪ್ರಥಮಾ ಎಂದು ಹೆಸರಿಟ್ಟರು. ಏಳೆಂಟನೆಯ ದಿನ ಗರ್ಭಕೋಶವನ್ನು ತೊಳೆದು ಭ್ರೂಣವನ್ನು ತೆಗೆಯುವುದು ಈ ಕೆಲಸದ ಸುಲಭದ ಭಾಗ. ಕಷ್ಟವಿರುವುದು ಅದನ್ನು ಶೈತ್ಯದಲ್ಲಿ ಕಾಪಿಡುವುದರಲ್ಲಿ. ಆರನೆಯ ದಿನ ಗರ್ಭಕೋಶಕ್ಕೆ ಬಂದ ಕೂಡಲೇ ಅದರ ಸುತ್ತ ಕವಚ ಕಟ್ಟತೊಡಗುತ್ತದೆ, ಒಳಗೆ ನೀರು ತುಂಬಿ ಗಾತ್ರ ಹಿಗ್ಗುತ್ತದೆ, 300 ಮೈಕ್ರಾನ್ (0.3 ಮಿಲಿಮೀಟರ್) ಮೀರಿದರೆ ಹೆಪ್ಪುಗಟ್ಟಿಸಿದಾಗ ಬದುಕುವ ಸಾಧ್ಯತೆ ಬಹಳ ಕುಗ್ಗುತ್ತದೆ. ಸಣ್ಣ ಭ್ರೂಣವೇ ಬೇಕೆಂದರೆ ಅಂಡ ಬಿಡುಗಡೆಯ ವೇಳೆಯನ್ನು ಗಂಟೆಗಳ ಲೆಕ್ಕದಲ್ಲಿ ತಿಳಿದಿರಬೇಕು, ಅಂದರೆ ಹಗಲುರಾತ್ರಿ ಸ್ಕ್ಯಾನ್ ಮಾಡುತ್ತಿರಬೇಕು. ಇದಕ್ಕೆ ಹಿನ್‌ರಿಕ್ಸ್ ಅವರ ತಂಡ ಕಂಡುಕೊಂಡ ಉಪಾಯವೆಂದರೆ, ದೊಡ್ಡ ಭ್ರೂಣವನ್ನೇ ತೆಗೆದುಕೊಂಡು, ಅತಿ ಸೂಕ್ಷ್ಮ ಸೂಜಿಯಿಂದ ಕವಚಕ್ಕೆ ರಂಧ್ರ ಮಾಡಿ, ಒಳಗಿನ ನೀರನ್ನು ಹೀರಿ ತೆಗೆದು, ಆಮೇಲೆ ಹೆಪ್ಪುಗಟ್ಟಿಸುವುದು. ಹಾಗೆ ಮಾಡಿದ ಭ್ರೂಣಗಳಿಂದ ಆರೋಗ್ಯವಂತ ಮರಿಗಳು ಹುಟ್ಟಿವೆ.