ಒಂದೇ ತಂತಿಯ ಉಪಕಾರ

ಬ್ಯಾಗಿನ ಪಟ್ಟಿ ಕಿತ್ತುಹೋದದ್ದು ಮೆಟ್ಟಿಲು ಹತ್ತುವಾಗ. ಹೆಗಲಿನಿಂದ ಜಾರಿದ ಬ್ಯಾಗು ನಾಲ್ಕು ಮೆಟ್ಟಿಲು ಉರುಳಿ ನಿಂತಿತು. ಸಭೆಗೆ ಇನ್ನು ಹತ್ತೇ ನಿಮಿಷ. ಪುಣ್ಯಕ್ಕೆ ಒಳಗಿದ್ದ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಆದರೆ ಪಟ್ಟಿಯ ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತ್ತು. ಬ್ಯಾಗನ್ನು ಮಗುವಿನಂತೆ ಎದೆಗವಚಿಕೊಂಡು ಮೇಲೆ ಹೋದೆ.

ಸ್ವಾಗತದ ಮೇಜಿನ ಹಿಂದೆ ಕುಳಿತಿದ್ದ ಹಿರಿಯ ಮಹಿಳೆ ನನ್ನ ಅವಸ್ಥೆ ನೋಡಿದರು. ಏನೂ ಕೇಳದೆ ಡ್ರಾಯರ್ ಎಳೆದು, ತಡಕಾಡಿ, ಒಂದು ಸೇಫ್ಟಿ ಪಿನ್ ಮುಂದೆ ಚಾಚಿದರು.

“ಇಷ್ಟು ಭಾರ ಇದು ತಡೆಯುತ್ತದೆಯೇ, ಮೇಡಂ?”

“ಪಟ್ಟಿಯನ್ನು ಎರಡು ಮಡಿಕೆ ಮಾಡಿ ಚುಚ್ಚಿ ನೋಡಿ,” ಎಂದು ಅವರು ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು.

ತಡೆಯಿತು. ಸಭೆ ಒಂದು ಗಂಟೆ ಮುಂದಕ್ಕೆ ಹೋಗಿದೆ ಎಂದು ತಿಳಿದದ್ದು ಆಮೇಲೆ. ಮೊಬೈಲಿನ ಚಾರ್ಜ್ ಮುಗಿಯುತ್ತಾ ಬಂದಿತ್ತು. ಹಾಗಾಗಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬೇರೇನೂ ಮಾಡಲು ತೋಚದೆ, ಆ ಪಿನ್ನನ್ನೇ ನೋಡುತ್ತಾ ಕುಳಿತೆ. ಹುಟ್ಟಿದಾಗಿನಿಂದ ಕಂಡ ವಸ್ತು. ಆದರೂ ಅದನ್ನು ದಿಟ್ಟಿಸಿ ನೋಡಿದ್ದು ಅಂದೇ ಮೊದಲು.

ಇರುವುದು ಒಂದು ತಂತಿ, ತುದಿಗೊಂದು ತಗಡಿನ ಟೊಪ್ಪಿಗೆ. ತಂತಿಯ ಒಂದು ಕೊನೆ ಮೊನೆ, ಇನ್ನೊಂದು ಕೊನೆ ಟೊಪ್ಪಿಗೆಯೊಳಗೆ ಬಂದಿ, ನಡುವೆ ಒಂದು ಸುತ್ತಿನ ಸುರುಳಿ. ಆ ಸುರುಳಿ ಅಲಂಕಾರಕ್ಕಲ್ಲ. ತಂತಿಯನ್ನು ಸುಮ್ಮನೆ ಬಾಗಿಸಿದ್ದರೆ ಬಾಗಿದ ಒಂದೇ ಜಾಗದ ಮೇಲೆ ಅಷ್ಟೂ ಶ್ರಮ ಬಿದ್ದು ಬೇಗ ಸೋಲುತ್ತಿತ್ತು. ಸುರುಳಿ ಅದನ್ನು ತನ್ನ ಮೈಯುದ್ದಕ್ಕೂ ಹಂಚಿಕೊಳ್ಳುತ್ತದೆ. ಇನ್ನೂ ಸೊಗಸಾದ ಸಂಗತಿ ಮೊನೆಯದು. ಮುಚ್ಚಿದ ಪಿನ್ನಿನ ಮೊನೆ ಸದಾ ಹೊರಚಿಮ್ಮಲು ಹವಣಿಸುತ್ತಿರುತ್ತದೆ. ಹಾಗೆ ಹವಣಿಸುವುದರಿಂದಲೇ ಟೊಪ್ಪಿಗೆಯ ಒಳಗೋಡೆಗೆ ಒತ್ತಿಕೊಂಡು ಭದ್ರವಾಗಿ ಕೂರುತ್ತದೆ. ಬಿಡಿಸಬೇಕಾದರೆ ಮೊದಲು ಅದನ್ನು ಇನ್ನಷ್ಟು ಒಳಕ್ಕೆ ಒತ್ತಿ, ಆಮೇಲೆ ಪಕ್ಕಕ್ಕೆ ಜಾರಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಬೆರಳಿಗೆ ಮಾತ್ರ ಗೊತ್ತಿತ್ತು.

ನಡುವೆ ಕೈ ತೊಳೆಯಲು ಹೋದೆ. ಅಲ್ಲಿನ ನಲ್ಲಿಗೆ ತಿರುಗಿಸುವ ಹಿಡಿಯೇ ಇಲ್ಲ. ಕೈ ಒಡ್ಡಿದರೆ ತಾನಾಗಿ ನೀರು ಬರಬೇಕಂತೆ. ಒಡ್ಡಿದೆ, ಆಡಿಸಿದೆ, ಒಂದೆರಡು ಸಲ ಕೈ ಮುಗಿದಂತೆಯೂ ಆಯಿತು. ಪಕ್ಕದಲ್ಲಿದ್ದವರು ತಮ್ಮ ನಲ್ಲಿಯನ್ನು ಬಿಟ್ಟುಕೊಟ್ಟು ನಕ್ಕರು. ಸರಳವಾದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ತುಂಬಿಸಿ ಎತ್ತಿದರೆ ಬೆರಳು ಕೊಯ್ಯುವಂಥ ತೆಳು ಹಿಡಿಯ ಬಕೆಟ್ಟೂ ಸರಳವೇ. ಆದರೆ ಹೇಗೆ ಬಳಸಬೇಕೆಂದು ಕೇಳಬೇಕಾಗಿ ಬಂದ ನಲ್ಲಿಯ ಮೇಲೆ ನನಗೆ ಇಂದಿಗೂ ಸಣ್ಣ ಸಿಟ್ಟಿದೆ.

ಅಂದು ರಾತ್ರಿ ಪಿನ್ನಿನ ಕಥೆ ಹುಡುಕಿ ಓದಿದೆ. ಬಟ್ಟೆಗೆ ಸಿಕ್ಕಿಸುವ ಸ್ಪ್ರಿಂಗ್ ಪಿನ್ನುಗಳು ಯುರೋಪಿನಲ್ಲಿ ಕಂಚಿನ ಯುಗದಲ್ಲೇ ಇದ್ದವಂತೆ. ಇಂದಿನ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದದ್ದು 1849ರ ಏಪ್ರಿಲ್‌ನಲ್ಲಿ. ಸುರುಳಿ, ಮೊನೆ, ಮೊನೆಯನ್ನು ಹಿಡಿಯುವ ಕೊಂಡಿ, ಎಲ್ಲವನ್ನೂ ಅವನು ಒಂದೇ ತಂತಿಯಲ್ಲಿ ಬಾಗಿಸಿದ್ದ. 15 ಡಾಲರ್ ಸಾಲ ತೀರಿಸಬೇಕಾಗಿತ್ತು ಎಂದು ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟನಂತೆ. ಲಾಭವೆಲ್ಲ ಕೊಂಡವರ ಪಾಲಾಯಿತು. ಓದಿ ಹೊಟ್ಟೆ ಉರಿಯಿತು, ನನ್ನದೇ ಆಸ್ತಿ ಹೋದಂತೆ.

ವಿನ್ಯಾಸಕಾರರಾದ ಜಾಸ್ಪರ್ ಮಾರಿಸನ್ ಮತ್ತು ನಾವೊತೊ ಫುಕಾಸಾವಾ 2006ರಲ್ಲಿ ಟೋಕಿಯೊದಲ್ಲಿ ಒಂದು ಪ್ರದರ್ಶನ ನಡೆಸಿದ್ದರು. ‘ಸೂಪರ್ ನಾರ್ಮಲ್’ ಎಂದು ಅದರ ಹೆಸರು. ಯಾರೂ ತಿರುಗಿ ನೋಡದ ಸಾಮಾನ್ಯ ವಸ್ತುಗಳನ್ನೂ ಅಲ್ಲಿ ಸಾಲಾಗಿ ಇಟ್ಟಿದ್ದರು. ಹಿಂದೊಮ್ಮೆ ಅದರ ಬಗ್ಗೆ ಓದಿದಾಗ, ದೊಡ್ಡವರ ಸಣ್ಣ ಚೇಷ್ಟೆ ಎಂದುಕೊಂಡು ಪುಟ ಮಗುಚಿದ್ದೆ. ನನ್ನದು ಜಾಣ ವಸ್ತುಗಳನ್ನು ಕೊಳ್ಳುವ ಚಪಲ. ಐದು ಕೆಲಸ ಮಾಡುವ ಕೀಚೈನು, ಅಯಸ್ಕಾಂತದಿಂದ ಮುಚ್ಚುವ ಪೆನ್ ಪೆಟ್ಟಿಗೆ ಇತ್ಯಾದಿ ಮೇಜಿನ ಖಾನೆಯಲ್ಲಿ ನಿದ್ದೆ ಹೋಗಿವೆ. ಪಟ್ಟಿ ಕಿತ್ತ ದಿನ ಅವುಗಳಲ್ಲಿ ಎರಡು ಅದೇ ಬ್ಯಾಗಿನೊಳಗೆ ಇದ್ದವು ಎಂಬುದನ್ನು ಒಪ್ಪಿಕೊಳ್ಳಬೇಕು.

ನಾಳೆ ಹೊಲಿಸೋಣ ಎನ್ನುತ್ತಾ ಏಳು ವಾರ ಕಳೆಯಿತು. ಪಿನ್ನು ಕೊಂಚ ಬಾಗಿತೇ ಹೊರತು ಬಿಟ್ಟುಕೊಡಲಿಲ್ಲ. ಕೊನೆಗೊಂದು ದಿನ ಬ್ಯಾಗನ್ನು ರಿಪೇರಿಗೆ ಒಯ್ದೆ. ಹೊಲಿಯುವವರು ಹೆಬ್ಬೆರಳಿನಿಂದ ಒತ್ತಿ ಪಿನ್ನನ್ನು ಬಿಡಿಸಿದರು, ಮತ್ತೆ ಮುಚ್ಚಿದರು, ತಮ್ಮ ತಗಡಿನ ಡಬ್ಬಿಗೆ ಹಾಕಿಕೊಂಡರು. ವಾಪಸು ಕೇಳೋಣ ಎನ್ನಿಸಿತು. ಅಷ್ಟರಲ್ಲಿ ಅವರು ಅದನ್ನೇ ಮತ್ತೆ ತೆಗೆದು, ಹೊಸ ಪಟ್ಟಿ ಸರಿದಾಡದಂತೆ ಬ್ಯಾಗಿಗೆ ಚುಚ್ಚಿ, ಹೊಲಿಯಲು ಶುರು ಮಾಡಿದ್ದರು.