ಹತ್ತರೊಳಗಿನ ಪತ್ತು

ಹೊಸದಾಗಿ ಕನ್ನಡ ಕಲಿಯುವವರು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎಡವುವುದು ಇಪ್ಪತ್ತು–ಎಪ್ಪತ್ತರಲ್ಲಿ. ಗದ್ದಲದಲ್ಲಿ ಕಿವಿಗೆ ಬೀಳುವುದು ‘ಪ್ಪತ್ತು’ ಮಾತ್ರ. ಬೆಲೆ ತಿಳಿಯಬೇಕಾದ ಮೊದಲಕ್ಷರವೇ ತಪ್ಪಿಹೋಗುತ್ತದೆ. ‘ಎರಡು ಹತ್ತಾ, ಏಳು ಹತ್ತಾ?’ ಅಂತ ಕೇಳಿಬಿಟ್ಟರೆ ಗೊಂದಲ ಅಲ್ಲೇ ತೀರುತ್ತದೆ. ಆ ಪದಗಳು ಕಟ್ಟಿಕೊಂಡಿರುವುದೂ ಹಾಗೇ.

ಹಳಗನ್ನಡದಲ್ಲಿ ಹತ್ತಕ್ಕೆ ‘ಪತ್ತು’. ತಮಿಳು, ತುಳುಗಳಲ್ಲಿ ಆ ಪಕಾರ ಇವತ್ತಿಗೂ ಇದೆ. ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು: ಪಾಲ್ ಹಾಲಾಯಿತು, ಪತ್ತು ಹತ್ತಾಯಿತು. ಮಂಡ್ಯದ ಹಳ್ಳಿಮಾತಿನಲ್ಲಿ ಆ ಹಕಾರವೂ ಜಾರಿ ‘ಅತ್ತು’. ಪದದ ನಡುವೆ ಸಿಕ್ಕಿಕೊಂಡ ಪಕಾರದ ದಾರಿ ಮಾತ್ರ ಬೇರೆ. ಎರಡರ ಹಳೇ ರೂಪ ‘ಇರ್’ ಜೊತೆ ಸೇರಿ ಇರ್ಪತ್ತು, ಆಮೇಲೆ ಇಪ್ಪತ್ತು. ಒತ್ತಕ್ಷರದ ಆಸರೆಯಲ್ಲಿ ಪ ಉಳಿದುಕೊಂಡಿತು. ಮೂವತ್ತು, ಐವತ್ತು, ಅರವತ್ತುಗಳಲ್ಲಿ ಸ್ವರದ ಪಕ್ಕ ಬಂದು ವ ಆಯಿತು. ಎಂಟರ ಹಳೇ ರೂಪ ‘ಎಣ್’ ಜೊತೆ ಸೇರಿದಾಗ ಬ ಆಗಿ ಎಂಬತ್ತು. ಇಷ್ಟು ತಿಳಿದವರು ‘ಆರುಹತ್ತು’, ‘ಎಂಟುವತ್ತು’ ಎಂದು ತಾವೇ ಕಟ್ಟಲು ಹೋಗುವುದಿಲ್ಲ.

ನಿಜವಾದ ತೊಡಕು ಒಂಬತ್ತರದು. ಒಂಬತ್ತು, ಎಂಬತ್ತು, ತೊಂಬತ್ತು ಮೂರರ ಬಾಲವೂ ಒಂದೇ. ಎಂಬತ್ತೆಂದರೆ ಎಂಟು ಹತ್ತು, ಗುಣಿಸುವ ಲೆಕ್ಕ. ಒಂಬತ್ತನ್ನು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಹತ್ತಕ್ಕೆ ಒಂದು ಕಮ್ಮಿ ಎಂದು ಬಿಡಿಸುತ್ತಾರೆ. ಅದು ಕಳೆಯುವ ಲೆಕ್ಕ. ಕಲಿಸುವವರು ಈ ಮೂರನ್ನೂ ಒಂದೇ ದಿನ ಹೇಳಿಕೊಡಬಾರದು. ತಮಿಳಿನಿಂದ ಬಂದವರಿಗೆ ತೊಂಬತ್ತು ಇನ್ನೂ ವಿಚಿತ್ರ, ಅವರ ‘ತೊಣ್ಣೂರು’ ಎಂಬುದರಲ್ಲಿ ಕೂತಿರುವುದು ಹತ್ತಲ್ಲ, ನೂರು.

ಹಿಂದಿಯವರಿಗೆ ಕಳೆಯುವ ಲೆಕ್ಕ ಗೊತ್ತು: 29 ‘ಉನ್‌ತೀಸ್’, ಮೂವತ್ತಕ್ಕೆ ಒಂದು ಕಮ್ಮಿ. ಆದರೆ 89 ‘ನವಾಸೀ’, ಅಲ್ಲಿ ಕೂಡುವ ಲೆಕ್ಕ. ಹೀಗಾಗಿ ನೂರರವರೆಗೂ ಬಾಯಿಪಾಠವೇ ಗತಿ. ಕನ್ನಡದಲ್ಲಿ ಇಪ್ಪತ್ತು ದಾಟಿದರೆ ಬಿಡಿ ಸಂಖ್ಯೆ ಸೇರಿಸುತ್ತಾ ಹೋದರಾಯಿತು: ಇಪ್ಪತ್ತೊಂದು, ಇಪ್ಪತ್ತೆರಡು. ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಒಂಬತ್ತು ಪದಗಳನ್ನು ಮಾತ್ರ ಉರುಹಚ್ಚಬೇಕು, ಅಲ್ಲಿ ಹತ್ತು ಒಮ್ಮೆ ‘ಹನ್’, ಒಮ್ಮೆ ‘ಹದಿ’, ಕೊನೆಗೆ ‘ಹತ್ತ್’.

‘ಇರ್’ ಒಂದು ಕೈಗೆ ಸಿಕ್ಕರೆ ಇನ್ನೂರು, ಇಬ್ಬರು, ಇಮ್ಮಡಿ ತಾವಾಗಿ ಬಿಡಿಸಿಕೊಳ್ಳುತ್ತವೆ. ಮೂರಕ್ಕೆ ಮುನ್ನೂರು, ಮೂವರು, ಮುಮ್ಮಡಿ. ನಾಲ್ಕಕ್ಕೆ ನಾನೂರು, ನಾಲ್ವರು, ನಾಲ್ವಡಿ. ಮಾರುಕಟ್ಟೆಯಿಂದ ಹೊರಬಂದರೆ ಕೆ.ಆರ್. ವೃತ್ತದಲ್ಲಿ ಕಾಣುವ ಪ್ರತಿಮೆ ನಾಲ್ವಡಿ ಕೃಷ್ಣರಾಜ ಒಡೆಯರದು. ‘ಮಡಿ’ಯ ಮಕಾರ ಅಲ್ಲಿ ವಕಾರವಾಗಿದೆ.