23ರಿಂದ ಸೊನ್ನೆಗೆ

ಸಿಗರೇಟು ಬಿಟ್ಟು 23 ದಿನಗಳಾಗಿದ್ದ ಒಂದು ರಾತ್ರಿ, ಒಂದು ಪ್ಯಾಕ್ ಕೊಂಡು ತಂದು ಅದರಿಂದ ಒಂದೇ ಒಂದು ಸಿಗರೇಟು ಸೇದಿದೆ. ಮುಚ್ಚಿಡಬಾರದೆಂದುಕೊಂಡು, ಚಟ ಬಿಡಲೆಂದೇ ಫೋನಿನಲ್ಲಿ ಹಾಕಿಕೊಂಡಿದ್ದ ಆ್ಯಪ್ ತೆರೆದು ಅದನ್ನು ದಾಖಲಿಸಿದೆ. ಪರದೆಯ ನಡುವಿನ ಹಸಿರು ವೃತ್ತದಲ್ಲಿದ್ದ 23 ಎಂಬ ಅಂಕಿ ನೋಡುತ್ತಿದ್ದಂತೆಯೇ 0 ಆಯಿತು; ಅದರ ಕೆಳಗೆ ‘ಹೊಸದಾಗಿ ಆರಂಭಿಸಿ’ ಎಂಬ ಗುಂಡಿ ಮೂಡಿತು. ನಾನು ಅದನ್ನು ಒತ್ತಲಿಲ್ಲ. ಪ್ಯಾಕಿನಲ್ಲಿ ಉಳಿದದ್ದನ್ನೆಲ್ಲ ಮರುದಿನ ಸೇದಿ ಮುಗಿಸಿದೆ, ಮತ್ತೊಮ್ಮೆ ಬಿಡುವ ಮನಸ್ಸು ಮಾಡಲು ಏಳು ತಿಂಗಳು ಹಿಡಿಯಿತು.

ಸೇದಿದ್ದು ನನ್ನ ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದಿನ ಸೇದದೆ ಕಳೆದದ್ದೂ ನಿಜವೇ ಆಗಿತ್ತು, ಆ ಪರದೆ ಅದನ್ನು ಅಳಿಸಿಹಾಕಿತು. ಚಟ ಬಿಡಿಸುವ ಸಂಶೋಧನೆಗಳಲ್ಲಿ 2005ರಿಂದ ಬಳಕೆಯಲ್ಲಿರುವ ‘ರಸೆಲ್ ಸ್ಟ್ಯಾಂಡರ್ಡ್’ ಎಂಬ ಅಳತೆಗೋಲಿನ ಪ್ರಕಾರ, ಆರು ತಿಂಗಳ ಅವಧಿಯಲ್ಲಿ ಒಟ್ಟು ಐದು ಸಿಗರೇಟಿನವರೆಗೆ ಸೇದಿದವರನ್ನೂ ಬಿಟ್ಟವರೆಂದೇ ಎಣಿಸುತ್ತಾರೆ ಎಂದು ಬಹಳ ತಡವಾಗಿ ಓದಿ ತಿಳಿದುಕೊಂಡೆ. ವಿಜ್ಞಾನ ಐದಕ್ಕೆ ಜಾಗ ಕೊಟ್ಟಿರುವಾಗ ನನ್ನ ಫೋನು ಒಂದಕ್ಕೂ ಕೊಟ್ಟಿರಲಿಲ್ಲ.

ಇಂತಹ ಸಾಧನಗಳನ್ನು ರೂಪಿಸುವವರು ಸೇದುವವರಿಗೆ ತಿಳಿವಳಿಕೆಯ ಕೊರತೆಯಿದೆ ಎಂದು ಭಾವಿಸಿದಂತೆ ಕಾಣುತ್ತದೆ. ಶ್ವಾಸಕೋಶದ ಚಿತ್ರ, ಉಳಿದ ಹಣದ ಲೆಕ್ಕ, ಹೆಚ್ಚಿದ ಆಯುಷ್ಯದ ಲೆಕ್ಕ ಎಲ್ಲವೂ ಅಲ್ಲಿರುತ್ತವೆ. ಸಿಗರೇಟು ಕೆಟ್ಟದ್ದೆಂದು ಗೊತ್ತಿಲ್ಲದೆ ಸೇದುತ್ತಿರುವ ಒಬ್ಬರನ್ನೂ ನಾನು ಕಂಡಿಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ, ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಆಗ ಸೆಳೆತ ಮತ್ತೆ ಏಳುತ್ತದೆ. ಏಳುವ ಸೆಳೆತ ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಕೆಲವು ನಿಮಿಷ ಜೊತೆಗಿರುವುದೊಂದೇ ಫೋನಿನಿಂದ ನಮಗೆ ಬೇಕಾಗಿರುವ ಕೆಲಸ. ಒಂದು ಕೈ ಜೇಬಿನಲ್ಲಿ ಲೈಟರ್ ಹುಡುಕುತ್ತಿರುವಾಗ ಇನ್ನೊಂದು ಕೈಯಲ್ಲಿ ಹಿಡಿದ ಆ್ಯಪ್ ಮೊದಲು ಪಾಸ್‌ವರ್ಡ್ ಕೇಳಿ, ನಂತರ ಇಂದಿನ ಮನಸ್ಥಿತಿಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ ಎಂದು ಕೇಳಿ, ಕೊನೆಗೆ ಚಂದಾ ಕಟ್ಟುವ ಪುಟವನ್ನು ಮುಂದಿಟ್ಟರೆ, ಅಷ್ಟರಲ್ಲಿ ಸಿಗರೇಟು ಹತ್ತಿಕೊಂಡಿರುತ್ತದೆ. ಇದಕ್ಕಿಂತಲೂ ನೋವಾಗುವುದು, ಸಿಗರೇಟಿನ ನೆನಪೇ ಇಲ್ಲದೆ ಕೆಲಸದಲ್ಲಿ ಮುಳುಗಿದ್ದವರಿಗೆ ಹನ್ನೊಂದು ಗಂಟೆಗೆ ‘ಇಂದು ಸೇದಿಲ್ಲ ತಾನೇ?’ ಎಂಬ ನೋಟಿಫಿಕೇಶನ್ ಬಂದು ಅದನ್ನು ನೆನಪಿಸಿದಾಗ.

ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ‘ಟೆಕ್ಸ್ಟ್‌ ಟು ಸ್ಟಾಪ್’ ಪ್ರಯೋಗ ಈ ಕಾರಣಕ್ಕೇ ನನಗೆ ಬಹಳ ಹಿಡಿಸಿತು. 5,800 ಜನರ ಆ ಪ್ರಯೋಗದಲ್ಲಿ ಬಳಸಿದ್ದು ಸಾದಾ ಎಸ್ಸೆಮ್ಮೆಸ್. ಸೆಳೆತ ಎದ್ದಾಗ ‘ಕ್ರೇವ್’ ಎಂದೂ, ಜಾರಿ ಸೇದಿಬಿಟ್ಟಾಗ ‘ಲ್ಯಾಪ್ಸ್’ ಎಂದೂ ಒಂದೇ ಪದ ಕಳುಹಿಸಿದರೆ ತಕ್ಷಣ ಉತ್ತರ ಬರುತ್ತಿತ್ತು. ಆರು ತಿಂಗಳ ನಂತರ ಪರೀಕ್ಷೆಯಿಂದಲೂ ಖಚಿತವಾದಂತೆ ಬಿಟ್ಟವರು ಆ ಗುಂಪಿನಲ್ಲಿ ಶೇ. 10.7, ಚಟಕ್ಕೆ ಸಂಬಂಧವಿಲ್ಲದ ಸಂದೇಶ ಪಡೆದವರಲ್ಲಿ ಶೇ. 4.9. ಹತ್ತರಲ್ಲಿ ಒಬ್ಬರೇ ಎಂದು ಅನ್ನಿಸಬಹುದು, ಆದರೆ ಆ ಸಂಖ್ಯೆ ಇನ್ನೊಂದು ಗುಂಪಿನ ಎರಡು ಪಟ್ಟಿಗಿಂತ ಹೆಚ್ಚು. ಎಡವುವವರು ಇದ್ದೇ ಇರುತ್ತಾರೆ ಎಂದು ಮೊದಲೇ ಒಪ್ಪಿ ಅವರಿಗಾಗಿ ಒಂದು ಪದವನ್ನೇ ಮೀಸಲಿಟ್ಟಿದ್ದ ಆ ಯೋಚನೆಗೆ ನಾನು ಋಣಿ.

ಆ್ಯಪ್‌ಗಳೆಲ್ಲ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಸೆಳೆತವನ್ನು ಒತ್ತಿಹಿಡಿಯದೆ, ಅದು ಬಂದು ಹೋಗುವುದನ್ನು ಗಮನಿಸುತ್ತ ಕೂರುವುದನ್ನು ಕಲಿಸುವ ‘ಐಕ್ಯಾನ್‌ಕ್ವಿಟ್’ ಎಂಬ ಆ್ಯಪ್ ಬಳಸಿದವರಲ್ಲಿ ಶೇ. 28ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಸೇದುವುದನ್ನು ನಿಲ್ಲಿಸಿದ್ದರು, ಹೋಲಿಕೆಗೆ ಇಟ್ಟಿದ್ದ ಮತ್ತೊಂದು ಆ್ಯಪ್‌ನಲ್ಲಿ ಆ ಪ್ರಮಾಣ ಶೇ. 21 ಇತ್ತು ಎಂದು 2020ರ ಅಧ್ಯಯನವೊಂದು ತೋರಿಸಿದೆ.

ಎಚ್ಚರವಾದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಫೋನೊಂದೇ ಸಾಲುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ನಿಕೋಟಿನ್ ಗಮ್, ಪ್ಯಾಚ್, ವರೆನಿಕ್ಲಿನ್ ಮುಂತಾದ ಔಷಧಗಳ ಶಿಫಾರಸಿದೆ. ಡಿಜಿಟಲ್ ಸಾಧನಗಳು ಇತರ ನೆರವಿನ ಜೊತೆಗೆ ಅಥವಾ ಸ್ವತಃ ನಿಭಾಯಿಸುವವರಿಗೆ ಆಸರೆಯಾಗಿ ಬರುತ್ತವೆ. ಒಳ್ಳೆಯ ಆ್ಯಪ್ ಇದನ್ನು ಮೊದಲ ದಿನವೇ ಹೇಳಬೇಕು. ಗಮ್ಮನ್ನು ನಾನು ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಬಿಡದೆ ಅಗಿದು, ಬಿಕ್ಕಳಿಕೆ ಬಂದು, ಹೊಟ್ಟೆ ತೊಳಸಿದಂತಾಗಿ ಎರಡೇ ದಿನಕ್ಕೆ ಎಸೆದಿದ್ದೆ. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ನಂತರ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಟ್ಟು, ಆ ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು ಎಂಬುದನ್ನು ಅರ್ಧ ನಿಮಿಷದ ವಿಡಿಯೊ ತೋರಿಸಬಲ್ಲದು. ನನಗೆ ಅದನ್ನು ತೋರಿಸಿದ್ದು ಎರಡನೆಯ ಪ್ರಯತ್ನದಲ್ಲಿ ಸಿಕ್ಕ ಒಬ್ಬ ಔಷಧ ವ್ಯಾಪಾರಿ.

ಕಳೆದ ತಿಂಗಳು ಗೆಳೆಯನೊಬ್ಬ ನಡುರಾತ್ರಿ ಮೆಸೇಜ್ ಕಳುಹಿಸಿದ: ‘ಒಂದು ಸೇದಿಬಿಟ್ಟೆ ಕಣೋ.’ ಅಂದು ಆ ಹಸಿರು ವೃತ್ತದ ಬದಲು ಯಾವ ಪ್ರಶ್ನೆ ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತೋ ಅದನ್ನೇ ಅವನಿಗೆ ಬರೆದೆ: ‘ಪ್ಯಾಕಿನಲ್ಲಿ ಉಳಿದದ್ದು ಈಗ ಎಲ್ಲಿದೆ?’ ಸ್ವಲ್ಪ ಹೊತ್ತಿನ ನಂತರ, ನೀರು ತುಂಬಿದ ಮಗ್ಗಿನಲ್ಲಿ ಬಿಚ್ಚಿಕೊಳ್ಳುತ್ತಿದ್ದ ಸಿಗರೇಟುಗಳ ಫೋಟೊ ಬಂತು.